ಸಮಯದ ಮಿತಿ, ಕೀಪ್ಯಾಡ್ ಫೋನು, ಬ್ಯಾಟರಿ ಸತ್ತ ಲ್ಯಾಪ್‌ಟಾಪು: ಇನ್‌ಸ್ಟಾಗ್ರಾಮಿಗೆ ನಾನು ಹಾಕಿ ನೋಡಿದ ಮೂರು ಬೇಲಿಗಳು

ಇನ್‌ಸ್ಟಾಗ್ರಾಮನ್ನು ಹದದಲ್ಲಿಟ್ಟುಕೊಳ್ಳಲು ಕಳೆದ ಎರಡು ವರ್ಷಗಳಲ್ಲಿ ನಾನು ಮೂರು ದಾರಿಗಳನ್ನು ಬಳಸಿ ನೋಡಿದ್ದೇನೆ. ಮೊದಲನೆಯದು ಫೋನಿನಲ್ಲೇ ಇರುವ ಸಮಯದ ಮಿತಿ. ಎರಡನೆಯದು ಸುಮಾರು 1,800 ರೂಪಾಯಿ ಕೊಟ್ಟು ಕೊಂಡ ಕೀಪ್ಯಾಡ್ ಫೋನು. ಮೂರನೆಯದು ಆ್ಯಪನ್ನು ಫೋನಿನಿಂದ ತೆಗೆದುಹಾಕಿ, ಹಾಸ್ಟೆಲ್ ಕೋಣೆಯಲ್ಲಿರುವ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ ಅದನ್ನು ತೆರೆಯುವುದು. ನನಗೆ ಒಗ್ಗಿದ್ದು ಈ ಕೊನೆಯದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತಂದದ್ದು ಕೈಕೊಟ್ಟಿತು, ಬಿಡಿಗಾಸೂ ಖರ್ಚಿಲ್ಲದ್ದು ಉಳಿದುಕೊಂಡಿತು. ಹೀಗೇಕಾಯಿತು ಎಂಬುದನ್ನು ವಿವರಿಸಲು ನನ್ನೂರಿನ ಗುಡ್ಡದಿಂದಲೇ ಶುರುಮಾಡಬೇಕು.

ನಾನು ಮೈಸೂರಿನ ಒಂದು ಕಾಲೇಜಿನಲ್ಲಿ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಊರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ಇಳಿದು ಮೂರು ಕಿಲೋಮೀಟರು ಒಳಗೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳೆಲ್ಲ ಆನ್‌ಲೈನ್ ಆದಾಗ ನಾನು ಹತ್ತನೆಯ ತರಗತಿಯಲ್ಲಿದ್ದೆ. ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪಯ್ಯ ನನಗೆ ಫೋನು ತಂದುಕೊಟ್ಟದ್ದು ಆ ವರ್ಷದ ಆಗಸ್ಟಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು, ಜೂನ್ 29ರಂದು, ಕೇಂದ್ರ ಸರ್ಕಾರವು ಟಿಕ್‌ಟಾಕ್ ಸೇರಿದಂತೆ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತ್ತು. ಅದರ ಬೆನ್ನಿಗೇ ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ನಮ್ಮ ದೇಶದಲ್ಲಿ ರೀಲ್ಸ್ ಆರಂಭಿಸಿತ್ತು. ಹೀಗಾಗಿ ನನ್ನ ವಾರಗೆಯ ಅನೇಕರ ಕೈಗೆ ಬೀಜಗಣಿತವೂ ರೀಲ್ಸೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಮಳೆಗಾಲದಲ್ಲಿ ಬಂದು ತಲುಪಿದವು.

ಮನೆಯೊಳಗೆ ಸಿಗ್ನಲ್ ಇರಲಿಲ್ಲ, ಈಗಲೂ ಇಲ್ಲ. ತೋಟ ದಾಟಿ, ಬ್ಯಾಣ ಹತ್ತಿ, ಗುಡ್ಡದ ನೆತ್ತಿಯಲ್ಲಿರುವ ನೇರಳೆ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಸಿಗುತ್ತಿತ್ತು. ಕೊಡೆ ಹಿಡಿದು, ಕಾಲಿಗೆ ಹತ್ತುವ ಉಂಬಳಗಳನ್ನು ಕೀಳುತ್ತ, ಅಲ್ಲಿ ಕುಳಿತೇ ನಾನು ಪಾಠ ಕೇಳಿದ್ದು. ಪಾಠ ಮುಗಿದ ಮೇಲೆ ಕಾಲು ಗಂಟೆ ಇನ್‌ಸ್ಟಾಗ್ರಾಮ್. ಆಮೇಲೆ ಮಳೆ ಜೋರಾಗುತ್ತಿತ್ತು, ಇಲ್ಲವೇ ಚಾರ್ಜು ಮುಗಿಯುತ್ತಿತ್ತು, ಇಲ್ಲವೇ ಅಮ್ಮ ಕೆಳಗಿನಿಂದ ಕೂಗು ಹಾಕುತ್ತಿದ್ದಳು. ಗುಡ್ಡ ಇಳಿದರೆ ಅಂದಿನ ಮಟ್ಟಿಗೆ ಅದು ಮುಗಿದಂತೆ. ಆಗ ನನಗೆ ಅದು ದೊಡ್ಡ ಅನ್ಯಾಯವೆನ್ನಿಸಿತ್ತು. ಪೇಟೆಯ ಗೆಳತಿಯರು ರಾತ್ರಿಯೆಲ್ಲ ಒಬ್ಬರ ಫೋಟೋಕ್ಕೆ ಒಬ್ಬರು ಕಾಮೆಂಟ್ ಹಾಕಿಕೊಂಡಿರುತ್ತಿದ್ದರು, ನಾನು ಮಾರನೆಯ ದಿನ ಗುಡ್ಡ ಹತ್ತಿ ಹಳಸಿದ ಮಾತುಗಳನ್ನು ಓದುತ್ತಿದ್ದೆ. 2021ರ ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ, ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿ ನಾವು ಎಸ್ಸೆಸ್ಸೆಲ್ಸಿ ಮುಗಿಸಿದೆವು. ಆ ಪರೀಕ್ಷೆಯ ಒಂದು ಪ್ರಶ್ನೆಯೂ ನನಗೆ ನೆನಪಿಲ್ಲ. ಪರೀಕ್ಷೆ ಮುಗಿದ ದಿನ ಮಾಸ್ಕ್ ಹಾಕಿಕೊಂಡೇ ತೆಗೆಸಿಕೊಂಡು ಹಾಕಿದ ಫೋಟೋಕ್ಕೆ 41 ಲೈಕ್ ಬಂದದ್ದು, ಅದೇ ಫೋಟೋವನ್ನು ಹಾಕಿದ ಗೆಳತಿಗೆ ಇನ್ನೂರು ದಾಟಿದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ಮೈಸೂರಿನ ಹಾಸ್ಟೆಲ್ಲಿನಲ್ಲಿ ಗುಡ್ಡವಿರಲಿಲ್ಲ. ಹಾಸಿಗೆಯಲ್ಲಿ, ಮೆಸ್ಸಿನ ಸಾಲಿನಲ್ಲಿ, ಸ್ನಾನದ ಮನೆಯ ಬಾಗಿಲಲ್ಲಿ, ಎಲ್ಲೆಲ್ಲೂ ನಾಲ್ಕು ಕಡ್ಡಿ ತುಂಬಿರುತ್ತಿತ್ತು. ಬೆರಳಾಡಿಸಿದಷ್ಟೂ ಕೆಳಗೆ ಕೆಳಗೆ ಹೊಸದು ಬಂದು ಸೇರುವ, ತಳವೇ ಇಲ್ಲದ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅನಂತರ ಆ ಕೆಲಸಕ್ಕಾಗಿ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟಿದ್ದಾರೆ. ಅವರ ಪಶ್ಚಾತ್ತಾಪದ ವಿಷಯ ನನಗೆ ತಿಳಿದದ್ದೂ ರಾತ್ರಿ ಒಂದೂವರೆಗೆ, ಅಂಥದೇ ಒಂದು ಪುಟದಲ್ಲಿ. 2024ರ ಜನವರಿಯ ಒಂದು ವಾರ ನನ್ನ ಫೋನು ತೋರಿಸಿದ ಇನ್‌ಸ್ಟಾಗ್ರಾಮ್ ಬಳಕೆಯ ಸರಾಸರಿ, ದಿನಕ್ಕೆ 4 ಗಂಟೆ 10 ನಿಮಿಷ. ಅದನ್ನು ನೋಡಿದ ಮೇಲೆ ನಾಚಿಕೆಯಾಗಿ ಈ ಪ್ರಯೋಗಗಳನ್ನು ಶುರುಮಾಡಿದೆ.

ಸಮಯದ ಮಿತಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ 2018ರಿಂದೀಚೆಗೆ ಡಿಜಿಟಲ್ ವೆಲ್‌ಬೀಯಿಂಗ್ ಎಂಬ ಹೆಸರಿನಲ್ಲಿ ಇದು ಇದೆ. ಅರ್ಧ ಗಂಟೆ ಎಂದು ಗೊತ್ತುಮಾಡಿದರೆ, ಅರ್ಧ ಗಂಟೆಯಾದ ಕೂಡಲೇ ಆ್ಯಪಿನ ಗುರುತು ಬೂದು ಬಣ್ಣಕ್ಕೆ ತಿರುಗಿ ಮುಚ್ಚಿಕೊಳ್ಳುತ್ತದೆ. ಬೀಗ ಹಾಕಿದವಳೂ ನಾನೇ, ಕೀಲಿ ಇಟ್ಟುಕೊಂಡವಳೂ ನಾನೇ ಆದುದರಿಂದ ಮಿತಿಯನ್ನು ಬದಲಿಸಲು ನನಗೆ ಎರಡು ಗಳಿಗೆ ಸಾಕಾಗುತ್ತಿತ್ತು. ಮೊದಲ ವಾರ ಅರ್ಧ ಗಂಟೆ, ಎರಡನೆಯ ವಾರ ಮುಕ್ಕಾಲು, ಮಾರ್ಚಿನ ಹೊತ್ತಿಗೆ ಎರಡು ಗಂಟೆ. ಇದಕ್ಕಿಂತ ವಿಚಿತ್ರವಾದದ್ದೆಂದರೆ, ಮಿತಿ ಇಟ್ಟಮೇಲೆ ಆ ಅರ್ಧ ಗಂಟೆ ನನ್ನ ಹಕ್ಕಿನ ಪಾಲು ಎಂಬ ಭಾವನೆ ಹುಟ್ಟಿಕೊಂಡಿತು. ಮೆಸ್ಸಿಗೆ ತಿಂಗಳ ದುಡ್ಡು ಕಟ್ಟಿದ್ದೇವೆಂದು ಹಸಿವಿಲ್ಲದಿದ್ದರೂ ಹೋಗಿ ಉಣ್ಣುತ್ತೇವಲ್ಲ, ಹಾಗೆಯೇ ಉಳಿದ ಹನ್ನೊಂದು ನಿಮಿಷ ವ್ಯರ್ಥವಾಗಬಾರದೆಂದು ಮಲಗುವ ಮುನ್ನ ಕುಳಿತು ಮುಗಿಸುತ್ತಿದ್ದೆ.

ಪರದೆಯನ್ನು ಕಪ್ಪುಬಿಳುಪು ಮಾಡಿಕೊಳ್ಳುವುದು: ಮೂರು ದಿನ ಮಾಡಿದೆ, ನಾಲ್ಕನೆಯ ದಿನ ಅತ್ತೆಯ ಮಗಳ ಮದುವೆಯ ಸೀರೆಯ ಬಣ್ಣ ನೋಡಬೇಕಾಯಿತು. ಖಾತೆಯನ್ನೇ ತಾತ್ಕಾಲಿಕವಾಗಿ ಮುಚ್ಚುವುದು: ಹುಡುಕಿದರೆ ನಾನು ಕಾಣಿಸದೆ ಹೋದದ್ದರಿಂದ, ತಮ್ಮನ್ನು ಬ್ಲಾಕ್ ಮಾಡಿದ್ದೇನೆಂದು ತಿಳಿದು ಇಬ್ಬರು ಗೆಳತಿಯರು ಮಾತು ಬಿಟ್ಟರು. ಇವೆರಡನ್ನೂ ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಇನ್ನು ಕೀಪ್ಯಾಡ್ ಫೋನು. 2024ರ ಆಗಸ್ಟ್ ಕೊನೆಯಲ್ಲಿ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಇದನ್ನು ಕೊಂಡೆ. ಗುಂಡಿಗಳಿರುವ, ಆದರೆ 4ಜಿ ಬರುವ ಫೋನು. ನನ್ನ ಲೆಕ್ಕಾಚಾರ ಸರಳವಾಗಿತ್ತು: ಇನ್‌ಸ್ಟಾಗ್ರಾಮ್ ಇರುವುದಿಲ್ಲ, ಆದರೆ ತರಗತಿಯ ಗುಂಪಿಗಾಗಿ ವಾಟ್ಸ್‌ಆ್ಯಪ್ ಇರುತ್ತದೆ. ಅಂಗಡಿಯವರೂ ಇದೆ ಎಂದರು; ದೊಡ್ಡಪ್ಪನ ಮಗನ ಬಳಿಯಿದ್ದ ಅಂಥದೇ ಫೋನಿನಲ್ಲಿ ನಾನು ಕಣ್ಣಾರೆ ಕಂಡೂ ಇದ್ದೆ. ಆ ಬಗೆಯ ಫೋನುಗಳು ನಡೆಯುವುದು ಕೈಓಎಸ್ ಎಂಬ ವ್ಯವಸ್ಥೆಯ ಮೇಲೆ. ಅದಕ್ಕೆ ವಾಟ್ಸ್‌ಆ್ಯಪನ್ನು ಹೊಸದಾಗಿ ಹಾಕಿಕೊಳ್ಳುವ ದಾರಿ ಅದೇ ವರ್ಷದ ಜೂನ್ ಕೊನೆಗೆ ಮುಚ್ಚಿತ್ತು, ಮೊದಲೇ ಹಾಕಿಕೊಂಡವರಿಗೆ ಮಾತ್ರ ಇನ್ನಷ್ಟು ತಿಂಗಳ ಗಡುವು ಇತ್ತು. ಎರಡು ತಿಂಗಳು ತಡವಾಗಿ ಹೋದ ನಾನು ಇದನ್ನು ತಿಳಿದದ್ದು ಹಾಸ್ಟೆಲ್ಲಿಗೆ ಬಂದು ಪೆಟ್ಟಿಗೆ ಬಿಚ್ಚಿದ ಮೇಲೆ. ಬಿಚ್ಚಿದ ಫೋನನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.

ಆದರೂ ಹಟ ಬಿಡಲಿಲ್ಲ. ವಾಟ್ಸ್‌ಆ್ಯಪನ್ನು ಲ್ಯಾಪ್‌ಟಾಪಿಗೆ ಜೋಡಿಸಿಟ್ಟುಕೊಂಡರೆ ಫೋನು ಆರಿಸಿದ್ದರೂ ಸಂದೇಶಗಳು ಬರುತ್ತವೆ ಎಂದು ಕಂಡುಕೊಂಡೆ. ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಹೋದಾಗ ಸಿಮ್ ತೆಗೆದು, ಅದಕ್ಕೊಂದು ಚೌಕಟ್ಟು ಸಿಕ್ಕಿಸಿ ಕೀಪ್ಯಾಡ್ ಫೋನಿಗೆ ಹಾಕಿಕೊಂಡೆ. ಹಳೆಯ ಫೋನನ್ನು ಆರಿಸಿ ಅಮ್ಮನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟೆ. ಮೈಸೂರಿಗೆ ಮರಳಿದ ಮೊದಲ ಹತ್ತು ದಿನ ನಿಜಕ್ಕೂ ಸುಖವಾಗಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ನಿದ್ದೆ ಬೇಗ ಬರುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದೆ. ಗ್ರಂಥಾಲಯದಿಂದ ತಂದ ಪುಸ್ತಕ ಮೊದಲ ಬಾರಿಗೆ ವಾಯಿದೆಯೊಳಗೆ ಮುಗಿಯಿತು.

ಹದಿನೈದನೆಯ ದಿನ ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ವಾಟ್ಸ್‌ಆ್ಯಪ್ ಇರಬೇಕಾದ ಜಾಗದಲ್ಲಿ ಒಂದು ಕ್ಯೂಆರ್ ಚೌಕ ಮಾತ್ರ ಇತ್ತು. ಮೂಲ ಫೋನನ್ನು ಹದಿನಾಲ್ಕು ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಜೋಡಿಸಿದ ಸಾಧನಗಳ ಕೊಂಡಿ ತಾನಾಗಿ ಕಳಚುತ್ತದೆ. ಈ ನಿಯಮ ಗುಟ್ಟಿನದೇನಲ್ಲ, ಅವರೇ ಬರೆದಿಟ್ಟಿದ್ದಾರೆ. ಓದದೆ ಹೋದವಳು ನಾನು. ಹಿಂದಿನ ರಾತ್ರಿ ತರಗತಿಯ ಗುಂಪಿನಲ್ಲಿ ಆಂತರಿಕ ಮೌಲ್ಯಮಾಪನದ ಪ್ರಬಂಧವನ್ನು ಸಲ್ಲಿಸುವ ದಿನ ಮುಂಚಿತವಾದ ಸುದ್ದಿ ಬಂದಿತ್ತಂತೆ. ರೂಮ್‌ಮೇಟ್ ಹೇಳಿದಳೆಂದು ತಿಳಿಯಿತು, ಇಲ್ಲದಿದ್ದರೆ ಅದೂ ಇಲ್ಲ. ಪ್ರಬಂಧದ ನಮೂನೆ, ನನ್ನ ಪಾಲಿನ ಅಂಕಿಅಂಶ, ಜೊತೆಗಾರರ ಟಿಪ್ಪಣಿ, ಎಲ್ಲವೂ ಆ ಚೌಕದ ಹಿಂದೆ ಉಳಿದಿದ್ದವು.

ಮತ್ತೆ ಜೋಡಿಸಲು ಮೂಲ ಫೋನೇ ಬೇಕು, ಅದಿರುವುದು ಮುನ್ನೂರು ಕಿಲೋಮೀಟರು ದೂರದ ಬೀರುವಿನಲ್ಲಿ. ಚೌಕದ ಚಿತ್ರ ತೆಗೆದು ಕಳುಹಿಸೋಣವೆಂದರೆ ಅದು ಗಳಿಗೆಗೊಮ್ಮೆ ಬದಲಾಗುತ್ತದೆ. ಎಂಟು ಅಕ್ಷರಗಳ ಗುರುತನ್ನು ಮೂಲ ಫೋನಿನಲ್ಲಿ ಬರೆದೂ ಜೋಡಿಸಬಹುದು ಎಂಬ ಇನ್ನೊಂದು ದಾರಿ ಇತ್ತು. ಸಂಜೆ ಮನೆಯ ಲ್ಯಾಂಡ್‌ಲೈನಿಗೆ ಕರೆಮಾಡಿ ಅಪ್ಪಯ್ಯನಿಗೆ ವಿಷಯ ವಿವರಿಸಿದೆ. ಅವರು ಬೇರೇನೂ ಕೇಳಲಿಲ್ಲ. ಬೀರುವಿನಿಂದ ಫೋನು ತೆಗೆದು ಚಾರ್ಜಿಗಿಟ್ಟು, ಊಟ ಮುಗಿಸಿ, ರಾತ್ರಿ ಎಂಟೂವರೆಗೆ ಬ್ಯಾಟರಿ ಬೆಳಕಿನಲ್ಲಿ ಎರಡು ಫೋನುಗಳನ್ನೂ ಹಿಡಿದು ಗುಡ್ಡ ಹತ್ತಿದರು. ಒಂದರಿಂದ ನನ್ನೊಡನೆ ಮಾತು ಮತ್ತು ಹಾಟ್‌ಸ್ಪಾಟ್, ಇನ್ನೊಂದರಲ್ಲಿ ವಾಟ್ಸ್‌ಆ್ಯಪ್.

ಮೊದಲಿಗೆ ಫೋನಿನ ಬೀಗದ ಸಂಖ್ಯೆ ಹೇಳಬೇಕಾಯಿತು. ಹತ್ತನೆಯ ತರಗತಿಯಿಂದ ನಾನು ಯಾರಿಗೂ ಹೇಳದೆ ಕಾಪಾಡಿಕೊಂಡು ಬಂದಿದ್ದ ನಾಲ್ಕು ಅಂಕಿಗಳು ಅವು. ಹೇಳುವಾಗ ತಡವರಿಸಿದೆ. ಅಪ್ಪಯ್ಯ ಅದನ್ನು ಗಮನಿಸಿದರೋ ಇಲ್ಲವೋ, "ಹೂಂ, ತೆರೀತು, ಮುಂದೆ ಎಂತ ಮಾಡ್ಬೇಕು ಹೇಳು" ಎಂದರು. ಆಮೇಲೆ ಎಂಟು ಅಕ್ಷರಗಳ ಸರದಿ. ಗಾಳಿ, ಜೀರುಂಡೆ, ಕಡಿದು ಕಡಿದು ಬರುವ ದನಿ. ಇಂಗ್ಲಿಷಿನ ಬಿ, ಡಿ, ಇ, ಪಿ ಎಲ್ಲವೂ ಒಂದೇ ಥರ ಕೇಳುತ್ತಿದ್ದವು. "ಬಾಳೆಯ ಬಿಯಾ, ದಾಸವಾಳದ ಡಿಯಾ?" ಎಂದು ಅವರು, "ಪಪ್ಪಾಯಿಯ ಪಿ ಅಪ್ಪಯ್ಯಾ" ಎಂದು ನಾನು. ಮೊದಲ ಸಲ ಒಂದಕ್ಷರ ತಪ್ಪಿತು. ಎರಡನೆಯ ಸಲ ಸಿಗ್ನಲ್ ಹೋಯಿತು. ಮೂರನೆಯ ಸಲ, ಸೊಸೈಟಿಯ ರಸೀದಿಯ ಹಿಂಬದಿಯಲ್ಲಿ ಬರೆದುಕೊಂಡು, ಒಂದೊಂದೇ ಅಕ್ಷರವನ್ನು ಒತ್ತಿದ ಮೇಲೆ ನನ್ನ ಲ್ಯಾಪ್‌ಟಾಪಿನ ಪರದೆಯ ಮೇಲೆ ಗುಂಪುಗಳು ಒಂದೊಂದಾಗಿ ಇಳಿದುಬಂದವು. ಆಗ ಗಂಟೆ ಹತ್ತು ದಾಟಿತ್ತು. ನಾನು ಇನ್‌ಸ್ಟಾಗ್ರಾಮ್ ನೋಡಬಾರದೆಂಬ ನನ್ನ ವ್ರತಕ್ಕಾಗಿ ಐವತ್ತೆಂಟು ವರ್ಷದ ಅವರು ಉಂಬಳ ಕಚ್ಚಿಸಿಕೊಂಡು ಕತ್ತಲೆಯಲ್ಲಿ ನಿಂತಿದ್ದರು.

ಕೀಪ್ಯಾಡ್ ಫೋನಿನ ಬಗ್ಗೆ ನನ್ನ ಆಕ್ಷೇಪವೆಲ್ಲ ಇದರಲ್ಲೇ ಇದೆ. ಅದು ನನ್ನಿಂದ ಕಿತ್ತುಕೊಂಡದ್ದು ಇನ್‌ಸ್ಟಾಗ್ರಾಮನ್ನು ಮಾತ್ರವಾಗಿದ್ದರೆ ದೂರಲು ಕಾರಣವಿರಲಿಲ್ಲ. ನನ್ನ ದಿನನಿತ್ಯದ ಕೆಲಸಗಳನ್ನೂ ಕಿತ್ತು ಅಕ್ಕಪಕ್ಕದವರ ಹೆಗಲಿಗೆ ವರ್ಗಾಯಿಸಿತು. ಮಂಡ್ಯದ ಕಡೆಯ ನನ್ನ ರೂಮ್‌ಮೇಟ್ ನನ್ನ ಗುಮಾಸ್ತೆಯಾದಳು. ಕ್ಯಾಂಟೀನಿನಲ್ಲಿ ಇಪ್ಪತ್ತು ರೂಪಾಯಿಯ ಪಫ್ಸಿಗೆ ಐನೂರರ ನೋಟು ಕೊಟ್ಟರೆ ಚಿಲ್ಲರೆಯಿಲ್ಲವೆಂದು ಮುಖ ಸಿಂಡರಿಸುತ್ತಿದ್ದರು, ಅವಳು ತನ್ನ ಫೋನಿನಿಂದ ಸ್ಕ್ಯಾನ್ ಮಾಡಿ ಕೊಡುತ್ತಿದ್ದಳು. ಇಂಥ ಫೋನುಗಳಿಗಾಗಿಯೇ 2022ರ ಮಾರ್ಚಿನಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂದಿದೆ, ಕರೆಮಾಡಿ ಹಣ ಕಳುಹಿಸಬಹುದು. ಆದರೆ ಹಿಂದೆ ಹತ್ತು ಜನ ನಿಂತಿರುವ ಸಾಲಿನಲ್ಲಿ, ಧ್ವನಿಮುದ್ರಿತ ಸೂಚನೆ ಹೇಳಿದಂತೆ ಒಂದೊಂದೇ ಗುಂಡಿ ಒತ್ತುವ ಧೈರ್ಯ ನನಗಿರಲಿಲ್ಲ. ಬಸ್ಸಿನ ಮಟ್ಟಿಗೆ ತೊಂದರೆಯಿರಲಿಲ್ಲ, ಶಕ್ತಿ ಯೋಜನೆಯ ದೆಸೆಯಿಂದ ಆಧಾರ್ ಕಾರ್ಡ್ ತೋರಿಸಿದರೆ ಸಾಕಿತ್ತು. ಒಂದು ತಿಂಗಳಲ್ಲಿ ರೂಮ್‌ಮೇಟಿಗೆ ನಾನು ಕೊಡಬೇಕಾದ ಬಾಕಿ 640 ರೂಪಾಯಿ ಎಂದು ನೋಟ್‌ಬುಕ್ಕಿನ ಕೊನೆಯ ಹಾಳೆ ಹೇಳುತ್ತಿತ್ತು. "ನಿನ್ನ ವೈರಾಗ್ಯಕ್ಕೆ ನನ್ನ ಡೇಟಾ ಖರ್ಚಾಗ್ತಿದೆ ಕಣೆ" ಎಂದು ಅವಳು ನಗುತ್ತಲೇ ಹೇಳಿದಳು. ನಗುವಿನೊಳಗಿನ ಬೇಸರ ನನಗೆ ತಿಳಿಯದೆ ಇರಲಿಲ್ಲ.

ದಸರೆಯ ರಜೆಯಲ್ಲಿ ಊರಿಗೆ ಹೋಗಿ ಸಿಮ್ಮನ್ನು ಹಳೆಯ ಫೋನಿಗೆ ಮರಳಿಸಿದೆ. ಕೀಪ್ಯಾಡ್ ಫೋನು ಈಗ ಅಜ್ಜಿಯ ಬಳಿ ಇದೆ. ಅವರು ಅದನ್ನು ಮುಖ್ಯವಾಗಿ ಟಾರ್ಚಿಗಾಗಿ ಬಳಸುತ್ತಾರೆ ಮತ್ತು ಬೆಲೆಗೆ ತಕ್ಕ ವಸ್ತು ಎಂದು ಹೊಗಳುತ್ತಾರೆ.

ಲ್ಯಾಪ್‌ಟಾಪಿನ ದಾರಿ ಹೊಳೆದದ್ದು ಯೋಜಿಸಿ ಅಲ್ಲ. ಪದವಿಗೆ ಸೇರಿದಾಗ 18,000 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರವದು. ಎರಡು ಕಿಲೋ ಭಾರ, ಏಳಲು ನಾಲ್ಕು ನಿಮಿಷ. ಅದರ ಬ್ಯಾಟರಿ ಎಂದೋ ಸತ್ತಿದೆ, ವೈರು ಚುಚ್ಚಿದ್ದರೆ ಮಾತ್ರ ಜೀವ. ನಮ್ಮ ಕೋಣೆಯಲ್ಲಿ ಕೆಲಸ ಮಾಡುವ ಪ್ಲಗ್ ಇರುವುದು ಬಾಗಿಲ ಪಕ್ಕದಲ್ಲಿ, ಹಾಸಿಗೆಯಿಂದ ದೂರದಲ್ಲಿ, ಮರದ ಕುರ್ಚಿಯ ಎದುರಿಗೆ. 2025ರ ಜನವರಿಯಲ್ಲಿ ಒಂದು ವಾರದ ಮಟ್ಟಿಗೆಂದು ಫೋನಿನಿಂದ ಇನ್‌ಸ್ಟಾಗ್ರಾಮ್ ತೆಗೆದುಹಾಕಿ, ಬೇಕೆನ್ನಿಸಿದಾಗ ಆ ಕುರ್ಚಿಯಲ್ಲಿ ಕುಳಿತು ನೋಡತೊಡಗಿದೆ. ಆ ಒಂದು ವಾರ ಇನ್ನೂ ಮುಗಿದಿಲ್ಲ.

ಇದರಲ್ಲಿ ಏನನ್ನೂ ಕಳೆದುಕೊಂಡಂತಿಲ್ಲ. ಗೆಳತಿಯರ ಸಂದೇಶ ಓದಬಹುದು, ಉತ್ತರಿಸಬಹುದು. 2021ರ ಅಕ್ಟೋಬರಿನಿಂದ ಕಂಪ್ಯೂಟರಿನಿಂದಲೇ ಫೋಟೋ ಹಾಕುವುದಕ್ಕೂ ಅವಕಾಶವಿದೆ. ರೀಲ್ಸೂ ಓಡುತ್ತವೆ, ಆದರೆ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಕೋಣೆಗೆ ಬಂದು ಹೋಗುವವರಿಗೆಲ್ಲ ಕಾಣುವಂತೆ ರೀಲ್ಸ್ ನೋಡುವುದು ಹೇಗೋ ಪೆದ್ದುತನದಂತೆ ತೋರುತ್ತದೆ. ಇಪ್ಪತ್ತು ನಿಮಿಷಕ್ಕೆ ಬೆನ್ನು ನೋಯುತ್ತದೆ, ಎದ್ದುಬಿಡುತ್ತೇನೆ. ಎದ್ದಮೇಲೆ ಅದು ಅಲ್ಲೇ ಉಳಿಯುತ್ತದೆ, ನನ್ನ ಹಿಂದೆ ಬರುವುದಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಶಪಿಸುತ್ತ ಹತ್ತುತ್ತಿದ್ದ ಗುಡ್ಡವನ್ನೇ ಎಂಟು ಅಡಿಯ ಕೋಣೆಯಲ್ಲಿ ಮತ್ತೆ ಕಟ್ಟಿಕೊಂಡಿದ್ದೇನೆ ಎಂಬುದು ನನಗೆ ತಿಳಿದದ್ದು ಎರಡು ತಿಂಗಳ ಮೇಲೆ, ಒಂದು ಸಂಜೆ ಕರೆಂಟು ಹೋಗಿ ಪರದೆ ಫಕ್ಕನೆ ಆರಿದಾಗ.

ಇನ್ನೊಂದು ಲಾಭವನ್ನು ನಾನು ನಿರೀಕ್ಷಿಸಿರಲಿಲ್ಲ. ಫೋನಿನಲ್ಲಿ ನಾನು ಯಾವಾಗಲೂ ಮುಂದೆ ಬರುವುದನ್ನೇ ನೋಡುತ್ತಿದ್ದೆ. ದೊಡ್ಡ ಪರದೆಯಲ್ಲಿ ಒಂದು ಭಾನುವಾರ ನನ್ನದೇ ಪುಟದ ತಳಕ್ಕೆ ಇಳಿದೆ. ನನ್ನ ಪುಟಕ್ಕೆ ತಳವಿದೆ. 2020ರ ಆಗಸ್ಟ್, ನೇರಳೆ ಮರ, ಮಳೆಯಲ್ಲಿ ಮಸುಕಾದ ನನ್ನ ಮುಖ. ಅಲ್ಲಿಂದ ಮೇಲಕ್ಕೆ ಬಂದಂತೆ ಹುಬ್ಬು ತಿದ್ದಿದ್ದು, ಯಾರದೋ ಸಾಲುಗಳನ್ನು ಹೆಸರಿಲ್ಲದೆ ಎತ್ತಿ ಬರೆದದ್ದು, ಪಿಯುಸಿಯಲ್ಲಿ ಒಬ್ಬಳೊಡನೆ ಜಗಳವಾಡಿ ಹೆಸರು ಹೇಳದೆ ಚುಚ್ಚಿ ಬರೆದದ್ದು. ಅಮ್ಮನ ಹದಿನೇಳನೆಯ ವಯಸ್ಸಿಗೆ ಸಾಕ್ಷಿಯಾಗಿರುವುದು ಒಂದೇ ಒಂದು ಗುಂಪುಚಿತ್ರ, ಅದರಲ್ಲೂ ಅವಳು ಅರ್ಧ ಮರೆಯಾಗಿದ್ದಾಳೆ. ಆ ವಯಸ್ಸಿನ ಅವಳ ಪೆದ್ದುತನಗಳನ್ನೆಲ್ಲ ಅವಳ ಓರಗೆಯವರು ಎಂದೋ ಮರೆತಿದ್ದಾರೆ. ನನ್ನವು ತಾರೀಖಿನ ಸಮೇತ ಉಳಿದಿವೆ. ಹದಿನೆಂಟರೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ನಮ್ಮ ದೇಶದ 2023ರ ಕಾಯ್ದೆ ಹೇಳುತ್ತದೆ, ಆದರೆ ಆ ಕಾಯ್ದೆ ಬರುವಷ್ಟರಲ್ಲಿ ನನ್ನ ಹರೆಯದ ಬಹುಪಾಲು ಅಲ್ಲಿ ದಾಖಲಾಗಿ ಮುಗಿದಿತ್ತು. ಅಂದು ಸಂಜೆಯವರೆಗೆ ಕುಳಿತು 112 ಚಿತ್ರಗಳನ್ನು ಒಂದೊಂದಾಗಿ ಅಳಿಸಿದೆ. ಜಗಳವಾಡಿದ ಗೆಳತಿಗೆ ಸಂದೇಶ ಕಳುಹಿಸಿದೆ. ಅವಳಿಗೆ ಆ ಬರಹ ನೆನಪೇ ಇರಲಿಲ್ಲವಂತೆ. ನೇರಳೆ ಮರದ ಚಿತ್ರವನ್ನೂ 41 ಲೈಕಿನ ಮಾಸ್ಕಿನ ಚಿತ್ರವನ್ನೂ ಇಟ್ಟುಕೊಂಡೆ.

ದಿನಕ್ಕೆ 4 ಗಂಟೆ 10 ನಿಮಿಷವಿದ್ದ ಸರಾಸರಿ ಈಗ ಕುರ್ಚಿಯ ಮೇಲೆ ಅರ್ಧ ಗಂಟೆಯ ಆಸುಪಾಸಿನಲ್ಲಿದೆ. ಫೋನಿನಲ್ಲಿ ಯೂಟ್ಯೂಬ್ ಉಳಿದುಕೊಂಡಿದೆ, ಅದನ್ನು ಮುಚ್ಚಿಟ್ಟು ಮಾತನಾಡುವುದು ಅಪ್ರಾಮಾಣಿಕವಾಗುತ್ತದೆ. ಫೋಟೋ ತೆಗೆಯುವುದೋ ರೀಲ್ಸ್ ಮಾಡುವುದೋ ಯಾರಿಗೆ ಸಂಪಾದನೆಯ ದಾರಿಯಾಗಿದೆಯೋ ಅವರಿಗೆ ನನ್ನ ವಿಧಾನ ನಡೆಯುವುದಿಲ್ಲ. ಹಗುರವಾದ, ಎಂಟು ಗಂಟೆ ಬ್ಯಾಟರಿ ನಿಲ್ಲುವ ಹೊಸ ಲ್ಯಾಪ್‌ಟಾಪ್ ಇರುವವರಿಗೂ ನಡೆಯಲಾರದು, ಅದು ಹಾಸಿಗೆಗೇ ಬಂದುಬಿಡುತ್ತದೆ. ಕೆಲಸಕ್ಕೆ ಸೇರಿ ಸ್ವಂತ ಮನೆ ಮಾಡಿಕೊಂಡು, ತರಗತಿಯ ಗುಂಪಿನ ಹಂಗಿಲ್ಲದೆ, ನಗದಿನಲ್ಲೇ ವ್ಯವಹರಿಸುವವರಾದರೆ ಕೀಪ್ಯಾಡ್ ಫೋನು ಒಳ್ಳೆಯದೇ ಇರಬಹುದು. ಸಮಯದ ಮಿತಿಯನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಅದು ಕೆಲಸ ಮಾಡುವಷ್ಟು ಸಂಯಮವುಳ್ಳವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಸದ್ಯಕ್ಕೆ ನನ್ನ ಎದುರಿಗಿರುವ ತೊಡಕು ಬೇರೆ. ಬರುವ ತಿಂಗಳು ಯೋಜನಾ ವರದಿಯ ಮೌಖಿಕ ಪರೀಕ್ಷೆ, ಲ್ಯಾಪ್‌ಟಾಪನ್ನು ಹೊತ್ತೊಯ್ದು ಪ್ಲಗ್ ಇಲ್ಲದ ಕೋಣೆಯಲ್ಲಿ ತೋರಿಸಬೇಕಾಗುತ್ತದೆ. ಹೊಸ ಬ್ಯಾಟರಿ ಹಾಕಲು ಅಂಗಡಿಯವರು 2,200 ರೂಪಾಯಿ ಕೇಳಿದ್ದಾರೆ. ಹಣ ತೆಗೆದಿಟ್ಟು ಹನ್ನೆರಡು ದಿನವಾಯಿತು. ಅಂಗಡಿ ಕಾಲೇಜಿನ ದಾರಿಯಲ್ಲೇ ಇದೆ, ಇನ್ನೂ ಒಳಗೆ ಹೋಗಿಲ್ಲ.